ಕುಮಾರ ಪರ್ವತದ ಹಾದಿಯೂ ಹೆಜ್ಜೆಗಳ ಲೆಕ್ಕವೂ

ಕರ್ನಾಟಕದಲ್ಲಿ ಚಾರಣದ ಹವ್ಯಾಸ ಹೇಗೆ ಬೆಳೆಯಿತು, ಅದರ ಜೊತೆಯಲ್ಲಿ ಬೆಳೆಯಬೇಕಾಗಿದ್ದ ಶಿಸ್ತು ಎಲ್ಲಿ ಹಿಂದೆ ಉಳಿಯಿತು ಎಂಬುದನ್ನು ತಿಳಿಯಬಯಸುವವರು ಕುಮಾರ ಪರ್ವತದ ಹಾದಿಯನ್ನು ಗಮನಿಸಿದರೆ ಸಾಕು. ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗಡಿಯಲ್ಲಿ 1712 ಮೀಟರ್ ಎತ್ತರಕ್ಕೆ ಏರಿರುವ ಈ ಶಿಖರವನ್ನು ಪಶ್ಚಿಮದ ಕುಕ್ಕೆ ಸುಬ್ರಹ್ಮಣ್ಯದಿಂದಲೂ ಪೂರ್ವದ ಸೋಮವಾರಪೇಟೆಯ ಕಡೆಯಿಂದಲೂ ತಲುಪಬಹುದಾಗಿದ್ದು, ಎರಡರಲ್ಲಿ ಸುಬ್ರಹ್ಮಣ್ಯದ ಹಾದಿಯೇ ಹೆಚ್ಚು ಉದ್ದವಾದದ್ದೂ ಹೆಚ್ಚು ಕಡಿದಾದದ್ದೂ ಆಗಿದೆ. 1990ರ ದಶಕದಲ್ಲಿ ಬೆಂಗಳೂರು, ಮೈಸೂರು, ಮಂಗಳೂರುಗಳ ಕಾಲೇಜುಗಳಿಂದ ಬೆನ್ನಿಗೆ ಚೀಲ ಕಟ್ಟಿಕೊಂಡು ಹೊರಟ ಒಂದು ತಲೆಮಾರಿಗೆ ಈ ಬೆಟ್ಟವೇ ಕಾಡಿನ ಮೊದಲ ಪಾಠಶಾಲೆಯಾಗಿತ್ತು. ಈ ಬರಹದ ಲೇಖಕನೂ ಅದೇ ತಲೆಮಾರಿಗೆ ಸೇರಿದವನಾದ್ದರಿಂದ, ಇಲ್ಲಿರುವ ನೆನಪುಗಳು ಅವನೊಬ್ಬನವಲ್ಲದೆ ಅವನ ಸಹಚಾರಣಿಗರವೂ ಹೌದು.

ನೆನಪುಗಳಿಗೆ ಬರುವ ಮೊದಲು ಆ ನೆಲದ ಸ್ವರೂಪವನ್ನು ತಿಳಿಯುವುದು ಅಗತ್ಯ. ಶಿಖರವನ್ನು ಒಳಗೊಂಡ ಸುಮಾರು 102 ಚದರ ಕಿಲೋಮೀಟರ್ ಪ್ರದೇಶವನ್ನು 1987ರಲ್ಲಿ ಪುಷ್ಪಗಿರಿ ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಲಾಯಿತು; 2012ರಲ್ಲಿ ಯುನೆಸ್ಕೊ ಸಂಸ್ಥೆಯು ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಕರ್ನಾಟಕದ ಹತ್ತು ತಾಣಗಳಲ್ಲಿ ಇದೂ ಒಂದಾಯಿತು. ಕೆಳಗಿನ ಇಳಿಜಾರುಗಳಲ್ಲಿ ವರ್ಷವಿಡೀ ಹಸಿರಾಗಿರುವ ನಿತ್ಯಹರಿದ್ವರ್ಣ ಕಾಡು ದಟ್ಟವಾಗಿ ಹಬ್ಬಿದ್ದರೆ, ಮೇಲೇರಿದಂತೆ ಅದು ಹಿಂದೆ ಸರಿದು ಬೋಳು ಹುಲ್ಲುಗಾವಲು ತೆರೆದುಕೊಳ್ಳುತ್ತದೆ, ಆ ಹುಲ್ಲಿನ ನಡುವೆ ನೀರು ನಿಲ್ಲುವ ಕಣಿವೆಯ ಮಡಿಲುಗಳಲ್ಲಷ್ಟೇ ಗಿಡ್ಡ ಮರಗಳ ಒತ್ತಾದ ಗುಂಪುಗಳು ಉಳಿದುಕೊಂಡಿವೆ. ಇಂಥ ಎತ್ತರದ ಮರಗುಂಪುಗಳನ್ನು ಶೋಲಾ ಕಾಡುಗಳೆಂದು ಕರೆಯುತ್ತಾರೆ. ಶೋಲಾ ಮತ್ತು ಹುಲ್ಲುಗಾವಲು ಜೊತೆಯಾಗಿ ಮಳೆಗಾಲದ ನೀರನ್ನು ಮಣ್ಣಿಗೆ ಇಳಿಸಿ, ಬೇಸಿಗೆಯವರೆಗೂ ತೊರೆಗಳಿಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಇಲ್ಲಿ ಹುಟ್ಟುವ ಕುಮಾರಧಾರಾ ನದಿಯು ಮಲ್ಲಳ್ಳಿಯಲ್ಲಿ ಧುಮುಕಿ, ಸುಬ್ರಹ್ಮಣ್ಯದ ಯಾತ್ರಿಕರ ಸ್ನಾನಘಟ್ಟವನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಶಿಖರದ ಬಳಿ ಚಾರಣಿಗನೊಬ್ಬ ಎಸಗುವ ಅಶುಚಿಯು ಕೆಳಗಿನ ಊರುಗಳವರು ಕುಡಿಯುವ ಮತ್ತು ಪೂಜಿಸುವ ನೀರಿಗೇ ಸೇರುತ್ತದೆಂಬುದನ್ನು ಈ ಭೂಗೋಳವೇ ತಿಳಿಸುತ್ತದೆ.

ಶಿವರಾಮ ಕಾರಂತರ ‘ಬೆಟ್ಟದ ಜೀವ’ ಕಾದಂಬರಿಯು 1943ರಲ್ಲಿ ಪ್ರಕಟವಾದಾಗಿನಿಂದ ಈ ಸೀಮೆಯ ಕಾಡು, ಕೃಷಿ ಮತ್ತು ಅತಿಥಿಸತ್ಕಾರಗಳು ಕನ್ನಡ ಓದುಗರಿಗೆ ಪರಿಚಿತವಾಗಿವೆ. ಆ ಸತ್ಕಾರದ ಪರಂಪರೆ ಚಾರಣಿಗರ ಕಾಲಕ್ಕೂ ಮುಂದುವರಿದಿತ್ತು. ಸುಬ್ರಹ್ಮಣ್ಯದಿಂದ ಕಾಡಿನ ನೆರಳಿನಲ್ಲಿ ಗಂಟೆಗಟ್ಟಲೆ ಏರಿದ ಮೇಲೆ ಸಿಗುವ ಗಿರಿಗದ್ದೆಯ ಬಯಲಿನಲ್ಲಿ ಒಂದು ಕೃಷಿಕ ಕುಟುಂಬದ ಮನೆಯಿದ್ದು, ದಣಿದು ಬಂದವರಿಗೆ ಅನ್ನ, ಸಾಂಬಾರು, ಮಜ್ಜಿಗೆಯ ಊಟ ಅಲ್ಲಿ ದೊರೆಯುತ್ತಿತ್ತು. ಉಂಡವರು ತಮ್ಮ ತಟ್ಟೆಯನ್ನು ತಾವೇ ತೊಳೆದಿಡುವುದು, ಅನ್ನವನ್ನು ಬೇಕಾದಷ್ಟೇ ಹಾಕಿಸಿಕೊಳ್ಳುವುದು, ಅಂಗಳದಲ್ಲಿ ಮಲಗಿದವರು ಬೆಳಗ್ಗೆ ಕಸ ಗುಡಿಸಿ ಹೊರಡುವುದು ಅಲ್ಲಿ ಯಾರೂ ಬರೆದು ತೂಗುಹಾಕಿರದ ನಿಯಮಗಳಾಗಿದ್ದವು. ಹೊರೆ ಹೊತ್ತು ಮೇಲೆ ತಂದ ಒಂದೊಂದು ಸೇರು ಅಕ್ಕಿಯ ಬೆಲೆಯನ್ನೂ ಸ್ವತಃ ಏರಿ ಬಂದ ಕಾಲುಗಳು ಅರಿತಿದ್ದುದರಿಂದ ಆ ನಿಯಮಗಳನ್ನು ಮೀರುವವರು ವಿರಳವಾಗಿದ್ದರು. ಕಾಡಿನ ಭೇಟಿಗೆ ಬೇಕಾದ ಶಿಸ್ತಿನ ಬಹುಪಾಲು ಆ ಅಂಗಳದ ನಡವಳಿಕೆಯಲ್ಲೇ ಅಡಗಿತ್ತು. ಗಿರಿಗದ್ದೆಯಿಂದ ಮುಂದೆ, ಮನೆಯ ಯಜಮಾನರು ಕಾಣದ ಎಡೆಯಲ್ಲೂ ಅದನ್ನು ಹೊತ್ತೊಯ್ಯುವುದಷ್ಟೇ ಬಾಕಿಯಿತ್ತು.

ಗಿರಿಗದ್ದೆಯ ಮುಂದೆ ಕಲ್ಲುಮಂಟಪ, ಅದರ ಮುಂದೆ ಶೇಷಪರ್ವತ, ಮತ್ತೆ ಒಂದು ಶೋಲಾ ಕಾಡಿನೊಳಗೆ ಇಳಿದು ಹತ್ತಿದರೆ ಶಿಖರ, ಹೀಗೆ ಹಾದಿ ಸಾಗುತ್ತದೆ. ಆ ಕಾಲದ ತಂಡಗಳು ಮಂಟಪದ ಆಸುಪಾಸಿನಲ್ಲೋ ಶಿಖರದ ಬಯಲಿನಲ್ಲೋ ಡೇರೆ ಹಾಕಿ ಇರುಳು ಕಳೆಯುವುದು ರೂಢಿಯಾಗಿತ್ತು. ಮೂರು ಕಲ್ಲು ಹೂಡಿ ಒಲೆ ಹಚ್ಚಿ, ಬಿದ್ದ ಪುಳ್ಳೆಗಳನ್ನು ಆಯ್ದು ತಂದು ಅನ್ನ ಬೇಯಿಸುವುದು ಕಾಡಿನ ವಾಸದ ಸಹಜ ಭಾಗವೆಂದೇ ಎಲ್ಲರೂ ತಿಳಿದಿದ್ದರು. ಇಡೀ ವಾರದಲ್ಲಿ ಒಂದೆರಡು ತಂಡಗಳಷ್ಟೇ ಬರುತ್ತಿದ್ದ ದಿನಗಳಲ್ಲಿ ಆ ಒಲೆಯ ಗುರುತನ್ನು ಮುಂದಿನ ಮಳೆಗಾಲ ಅಳಿಸಿಬಿಡುತ್ತಿತ್ತು. ಇಂದು ಅದೇ ಅಭ್ಯಾಸವನ್ನು ಅಪರಾಧವೆಂದು ಎಣಿಸಬೇಕಾಗಿ ಬಂದಿರುವುದಕ್ಕೆ ಬೆಂಕಿಯ ಗುಣ ಬದಲಾದದ್ದು ಕಾರಣವಲ್ಲ, ಬೆಂಕಿ ಹಚ್ಚುವವರ ಸಂಖ್ಯೆ ಬದಲಾದದ್ದು ಕಾರಣ.

ಬೆಂಕಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಮಳೆ ನಿಂತು ಎರಡು ಮೂರು ತಿಂಗಳಾಗುವಷ್ಟರಲ್ಲಿ, ಅಂದರೆ ಜನವರಿಯ ಹೊತ್ತಿಗೆ, ಎದೆಯೆತ್ತರದ ಹುಲ್ಲು ಒಣಗಿ ನಿಂತಿರುತ್ತದೆ. ಬಿಸಿಲೇರಿದಂತೆ ಗಾಳಿ ಕಣಿವೆಯಿಂದ ಮೇಲ್ಮುಖವಾಗಿ ಬೀಸತೊಡಗುತ್ತದೆ. ಇಳಿಜಾರಿನಲ್ಲಿ ಮೇಲೇರುವ ಜ್ವಾಲೆಯು ತನ್ನ ಮುಂದಿನ ಹುಲ್ಲನ್ನು ಮುಟ್ಟುವ ಮೊದಲೇ ಕಾಯಿಸಿಬಿಡುವುದರಿಂದ, ಏರಿನಲ್ಲಿ ಬೆಂಕಿಯ ವೇಗ ಸಮನೆಲಕ್ಕಿಂತ ಬಹಳ ಹೆಚ್ಚು. ಹುಲ್ಲು ಬೇರಿನಿಂದ ಮತ್ತೆ ಚಿಗುರಬಹುದಾದರೂ ಶೋಲಾದ ಅಂಚಿನಲ್ಲಿ ತಲೆಯೆತ್ತುತ್ತಿದ್ದ ಮರದ ಸಸಿಗಳು ಸುಟ್ಟುಹೋಗುತ್ತವೆ, ಹೀಗೆ ಪದೇ ಪದೇ ಬೆಂಕಿ ಬಿದ್ದ ಕಡೆ ಕಾಡು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತದೆ. ಇದನ್ನು ತಡೆಯಲು ಅರಣ್ಯ ಸಿಬ್ಬಂದಿ ಬೇಸಿಗೆಗೆ ಮುನ್ನವೇ ಹುಲ್ಲು ತೆಗೆದು ಬೆಂಕಿರೇಖೆಗಳನ್ನು, ಅಂದರೆ ಉರಿ ದಾಟಲಾರದ ಬೋಳು ಪಟ್ಟಿಗಳನ್ನು ಮಾಡುತ್ತಾರೆ. ಬೆಂಕಿ ಬಿದ್ದಾಗ ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ಆರಿಸುವವರೂ ಅವರೇ.

ಈ ಕೆಲಸದ ಬೆಲೆ ಎಷ್ಟೆಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಗಳಿವೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತರು. 2019ರ ಫೆಬ್ರುವರಿಯಲ್ಲಿ ಅದೇ ಬಂಡೀಪುರದ ಸಾವಿರಾರು ಎಕರೆ ಕಾಡು ಉರಿದುಹೋಯಿತು. ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು ಕಾಡ್ಗಿಚ್ಚಿನ ನಡುವೆ ಸಿಲುಕಿದ ಚಾರಣಿಗರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸಾವಿಗೀಡಾದರು. ಒಣಹುಲ್ಲಿನ ಕಾಲದಲ್ಲಿ ಹಾದಿ ಮುಚ್ಚಿದೆಯೆಂಬ ಫಲಕ ಕಂಡು ಅಸಮಾಧಾನಗೊಳ್ಳುವ ಚಾರಣಿಗರು ಈ ಸಾವುಗಳನ್ನು ನೆನೆಯಬೇಕು. ಆ ನಿರ್ಬಂಧ ಮರವನ್ನು ಕಾಯುವಷ್ಟೇ ಮನುಷ್ಯನನ್ನೂ ಕಾಯುತ್ತದೆ.

ಲೇಖಕನ ನೆನಪಿನಲ್ಲಿ ಅಚ್ಚಳಿಯದೆ ಉಳಿದಿರುವುದು ಆ ಹಾದಿಯ ಒಬ್ಬ ಹಿರಿಯ ಅರಣ್ಯ ವೀಕ್ಷಕರು, ಅಂದರೆ ಕಾಡು ಕಾಯಲು ಇಲಾಖೆ ಸ್ಥಳೀಯರಿಂದಲೇ ನೇಮಿಸಿಕೊಳ್ಳುವ ಕಾವಲುಗಾರರು, ಒಲೆ ಆರಿಸುವುದನ್ನು ಕಲಿಸಿದ ರೀತಿ. ಬೆಳಗಿನ ಗಂಜಿ ಉಂಡು ತಂಡ ಹೊರಡಲು ಅಣಿಯಾದಾಗ ಒಲೆಯಲ್ಲಿ ಹೊಗೆಯಿರಲಿಲ್ಲ, ಬಿಳಿಯ ಬೂದಿಯಷ್ಟೇ ಇತ್ತು. ಅವರು ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಡ್ಡಿಯಿಂದ ಬೂದಿಯನ್ನು ಕೆದಕಿ, ಕೆಳಗಿನ ಬೇರಿನ ಸಂದಿನಲ್ಲಿ ಕೆಂಪಗೆ ಮಿನುಗುತ್ತಿದ್ದ ಕೆಂಡವನ್ನು ತೋರಿಸಿ, “ಮೇಲೆ ಬೂದಿ ಮಾರಾಯ್ರೆ, ಅಡಿಯಲ್ಲಿ ಬೆಂಕಿ ಉಂಟು, ಕೈ ಇಟ್ಟು ನೋಡಿ” ಎಂದರು. ಬಳಿಕ ನೀರು ಸುರಿದು, ಕೆದಕಿ, ಮತ್ತೆ ಸುರಿದು, ಕಲ್ಲುಗಳನ್ನು ಮಗುಚಿ ಅವುಗಳ ಅಡಿಗೂ ನೀರು ಹಾಕಿ, ಕೊನೆಗೆ ಅಂಗೈಯ ಹಿಂಭಾಗವನ್ನು ಬೂದಿಗೆ ತಾಗಿಸಿ ಬಿಸಿಯಿಲ್ಲವೆಂದು ಖಚಿತವಾದ ಮೇಲೆಯೇ ಅವರು ಎದ್ದದ್ದು. ಒಣಬೇರಿನೊಳಗೆ ಹೊಕ್ಕ ಕೆಂಡವು ಹೊಗೆಯನ್ನೂ ತೋರದೆ ಬಹಳ ಹೊತ್ತು ಜೀವ ಹಿಡಿದಿದ್ದು, ಮಧ್ಯಾಹ್ನದ ಗಾಳಿಗೆ ಹುಲ್ಲನ್ನು ಮುಟ್ಟಬಲ್ಲದು ಎಂಬ ತಿಳಿವಳಿಕೆಯನ್ನು ಆ ಹಿರಿಯರು ಪುಸ್ತಕದಿಂದ ಪಡೆದದ್ದಲ್ಲ. ಇಂದು ಅಭಯಾರಣ್ಯದೊಳಗೆ ಒಲೆಗೆ ಅವಕಾಶವೇ ಇಲ್ಲದಿರುವುದರಿಂದ, ಮನೆಯಿಂದ ತಂದ ಚಪಾತಿ, ಅವಲಕ್ಕಿ, ಚಟ್ನಿಪುಡಿಗಳ ಬುತ್ತಿಯೇ ಚಾರಣಿಗನಿಗೆ ತಕ್ಕ ಆಹಾರ. ಅನುಮತಿಯಿರುವ ಬೇರೆಡೆ ಒಲೆ ಹೂಡುವವರಾದರೂ ಆ ಅಂಗೈಯ ಪರೀಕ್ಷೆಯನ್ನು ಮರೆಯಬಾರದು.

ಬೆಂಕಿಯ ನಂತರದ ಮಾತು ನೀರಿನದು. ಬೆವರಿ ಬಂದವರಿಗೆ ತೊರೆ ಕಂಡೊಡನೆ ಸಾಬೂನು ನೆನಪಾಗುವುದು ಸಹಜ. ಆದರೆ ಪಶ್ಚಿಮ ಘಟ್ಟದ ತೊರೆಗಳು ಕಪ್ಪೆಗಳ ನೆಲೆಗಳಾಗಿದ್ದು, ಕಪ್ಪೆಯು ನೀರನ್ನೂ ಗಾಳಿಯನ್ನೂ ತನ್ನ ತೆಳುಚರ್ಮದ ಮೂಲಕವೇ ಹೀರಿಕೊಳ್ಳುವ ಜೀವಿಯಾದ್ದರಿಂದ, ಸಾಬೂನಿನ ನೊರೆಯಾಗಲಿ ಸೊಳ್ಳೆ ಓಡಿಸಲು ಮೈಗೆ ಹಚ್ಚುವ ಮುಲಾಮಾಗಲಿ ಅದಕ್ಕೆ ನೇರವಾಗಿ ತಾಗುತ್ತದೆ. ಈ ಘಟ್ಟಗಳಲ್ಲಲ್ಲದೆ ಲೋಕದ ಬೇರೆಲ್ಲೂ ಸಿಗದ ಕಪ್ಪೆಗಳು ಇಲ್ಲಿ ಹಲವಿವೆ. ಶರಾವತಿ ಸೀಮೆಯ ಕತ್ತಲೆಕಾನಿನಲ್ಲಿ ಗುರುತಿಸಿ 2014ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಲಾದ ಕುಂಬಾರ ಕಪ್ಪೆಯ ಗಂಡು, ತೊರೆಯ ಮೇಲೆ ಬಾಗಿದ ಕಡ್ಡಿಗೆ ಅಂಟಿದ ಮೊಟ್ಟೆಗಳ ಮೇಲೆ ತನ್ನ ಮುಂಗೈಗಳಿಂದ ಕೆಸರು ತಂದು ಮೆತ್ತುತ್ತದೆ. ಇಂಥ ಸಂಸಾರಗಳು ನಡೆಯುವ ತೊರೆಯ ಅಂಚಿನಲ್ಲಿ ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಕಲ್ಲು ಕಿತ್ತು ಕಟ್ಟೆ ಕಟ್ಟುವುದು ಎಂಥ ಹಾನಿಯೆಂದು ಬೇರೆ ಹೇಳಬೇಕಾಗಿಲ್ಲ. ನೀರನ್ನು ಪಾತ್ರೆಯಲ್ಲಿ ತುಂಬಿಕೊಂಡು ತೊರೆಯಿಂದ ಅರುವತ್ತು ಮೀಟರಿನಷ್ಟು ದೂರ ಹೋಗಿ ತೊಳೆದುಕೊಳ್ಳುವುದು ಜಗತ್ತಿನ ಎಲ್ಲೆಡೆಯ ಚಾರಣಿಗರು ಒಪ್ಪಿಕೊಂಡ ಕ್ರಮ. ಮಲವಿಸರ್ಜನೆಗೂ ಅದೇ ಅಂತರ ಕಾಯ್ದು, ಸುಮಾರು ಹದಿನೈದು ಸೆಂಟಿಮೀಟರ್ ಆಳದ ಗುಂಡಿ ತೋಡಿ ಮಣ್ಣು ಮುಚ್ಚಬೇಕು. ಮೇಲ್ಮಣ್ಣಿನ ಸೂಕ್ಷ್ಮಜೀವಿಗಳು ಅಷ್ಟು ಆಳದಲ್ಲಿಯೇ ಚುರುಕಾಗಿ ಕೆಲಸ ಮಾಡುತ್ತವೆ. ಒದ್ದೆ ಟಿಶ್ಯೂ, ಸ್ಯಾನಿಟರಿ ಪ್ಯಾಡುಗಳನ್ನು ಮಾತ್ರ ಹೂಳದೆ ಚೀಲದಲ್ಲಿಯೇ ಊರಿಗೆ ಒಯ್ಯಬೇಕು.

ಕಸದ ವಿಷಯದಲ್ಲಿ ಬಹುತೇಕ ಪ್ರವಾಸಿಗರು ಅರಿಯದ ಒಂದು ಸಂಗತಿಯೆಂದರೆ, ಅಭಯಾರಣ್ಯದಲ್ಲಿ ಕಸ ಎಸೆಯುವುದನ್ನು ಕಾನೂನೇ ನಿಷೇಧಿಸಿದೆ. 1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯ 27ನೆಯ ವಿಧಿಯು ವನ್ಯಪ್ರಾಣಿಯನ್ನು ಕೆಣಕುವುದನ್ನೂ ಅಭಯಾರಣ್ಯದ ನೆಲದಲ್ಲಿ ಕಸ ಹಾಕುವುದನ್ನೂ ಒಂದೇ ವಾಕ್ಯದಲ್ಲಿ ತಡೆಯುತ್ತದೆ. 28ನೆಯ ವಿಧಿಯು ಪ್ರವಾಸ, ಛಾಯಾಗ್ರಹಣ, ಅಧ್ಯಯನ ಮುಂತಾದ ಉದ್ದೇಶಗಳಿಗೆ ಅನುಮತಿಪತ್ರ ಪಡೆದು ಬರಬೇಕೆನ್ನುತ್ತದೆ. 30ನೆಯದು ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನೂ ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದನ್ನೂ ನಿಷೇಧಿಸುತ್ತದೆ. ಇವೇ ನಿಯಮಗಳು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತವೆ. ಬಿಸ್ಕತ್ತು, ಚಿಪ್ಸ್‌ಗಳ ಹೊದಿಕೆಯಲ್ಲಿ ಉಳಿಯುವ ಉಪ್ಪಿನ ವಾಸನೆಗೆ ಕಡವೆ, ಕಾಡುಹಂದಿಗಳು ಅದನ್ನು ಹೊದಿಕೆಯ ಸಮೇತ ತಿನ್ನುತ್ತವೆ, ಕೋತಿಗಳು ಮನುಷ್ಯರ ತಿಂಡಿಗೆ ಒಗ್ಗಿಹೋಗಿ ದಾರಿಯನ್ನೇ ಕಾಯುತ್ತವೆ. ಕಿತ್ತಳೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆಗಳು ಕೊಳೆಯುವ ವಸ್ತುಗಳೆಂಬ ಸಮಾಧಾನವೂ ಸರಿಯಲ್ಲ. ತಂಪಾದ ಎತ್ತರದಲ್ಲಿ ಅವು ನಿಧಾನವಾಗಿ ಕೊಳೆಯುತ್ತವೆ, ಅಷ್ಟರಲ್ಲಿ ಪ್ರಾಣಿಗಳಿಗೆ ಜನರ ದಾರಿಯ ರುಚಿಯನ್ನು ಕಲಿಸಿರುತ್ತವೆ. ತಂದದ್ದೆಲ್ಲವನ್ನೂ ಮರಳಿ ಒಯ್ಯುವುದೊಂದೇ ಇಲ್ಲಿರುವ ನಿಯಮ, ಅದಕ್ಕೆ ವಿನಾಯಿತಿಗಳಿಲ್ಲ.

ಕಾಡಿನಲ್ಲಿ ಶಬ್ದವೂ ಬೆಳಕೂ ಒಂದು ಬಗೆಯ ಕಸವೇ ಎಂಬುದನ್ನು ಆ ತಲೆಮಾರು ನಿಧಾನವಾಗಿ ಕಲಿಯಿತು. ಕಾಟಿ, ಆನೆ, ಕಡವೆಗಳು ಮುಸ್ಸಂಜೆಯ ನಂತರ ನೀರಿಗೂ ಹುಲ್ಲಿಗೂ ಬಯಲಿಗೆ ಬರುತ್ತವೆ. ಅದೇ ಬಯಲಿನಲ್ಲಿ ಡೇರೆಗಳು ಸಾಲಾಗಿ ನಿಂತು, ಸ್ಪೀಕರಿನ ಹಾಡು ಹೊಮ್ಮಿದರೆ ಅವು ತಮ್ಮ ಮೇವಿನ ಸಮಯವನ್ನೇ ಕಳೆದುಕೊಳ್ಳುತ್ತವೆ, ಕೆಲವೊಮ್ಮೆ ಗಾಬರಿಯಿಂದ ತೋಟಗಳ ಕಡೆ ಇಳಿಯುತ್ತವೆ. ಆಗ ನಷ್ಟ ಅನುಭವಿಸುವವರು ಅಡಿಕೆ, ಬಾಳೆ ಬೆಳೆದ ಕಾಡಂಚಿನ ಕೃಷಿಕರು, ಹಾಡು ಹಾಕಿದ ಅತಿಥಿಗಳಲ್ಲ. ಅದೇ ಬಯಲಿನಲ್ಲಿ ಮೌನವಾಗಿ ಕುಳಿತ ತಂಡಗಳಿಗಾದರೋ ಮಂಗಟ್ಟೆ ಹಕ್ಕಿಯ ರೆಕ್ಕೆಗಳ ಬೀಸು, ಕಡವೆಯ ಎಚ್ಚರಿಕೆಯ ಕೂಗು, ತೊರೆಯ ಕಪ್ಪೆಗಳ ಟಕಟಕ ಸದ್ದುಗಳು ಕಿವಿಗೆ ಬಿದ್ದವು. ಸಂಯಮದಿಂದ ಚಾರಣಿಗನಿಗೆ ಆಗುವ ಲಾಭ ನಷ್ಟಕ್ಕಿಂತ ಹೆಚ್ಚೆಂಬುದು ಲೇಖಕನ ಅನುಭವದ ಮಾತು.

2000ದ ನಂತರ ಬೆಂಗಳೂರಿನ ಐಟಿ ಉದ್ಯಮ ಬೆಳೆದು, ವಾರಾಂತ್ಯದ ರಜೆ ರೂಢಿಯಾಗಿ, ಚಾರಣ ಏರ್ಪಡಿಸುವುದೇ ಒಂದು ವ್ಯಾಪಾರವಾದ ಮೇಲೆ ಲೆಕ್ಕವೇ ಬದಲಾಯಿತು. ಕುಮಾರ ಪರ್ವತದ ಶಿಖರದಲ್ಲಿ ಡೇರೆ ಹಾಕುವುದನ್ನು ಅರಣ್ಯ ಇಲಾಖೆ ನಿಷೇಧಿಸಿತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಮಂದಿ ಒಂದೇ ಸಲ ಹತ್ತಿ, ಸುಬ್ರಹ್ಮಣ್ಯದ ಕಡೆಯ ಹಾದಿ ಜಾತ್ರೆಯಂತೆ ತುಂಬಿದ ದೃಶ್ಯಗಳು ನಾಡಿನೆಲ್ಲೆಡೆ ಹರಡಿದವು. ಇದಾದ ಬಳಿಕ ಸರಕಾರವು ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ತಡೆಹಿಡಿದು, ಅನಂತರ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಮೊದಲೇ ಟಿಕೆಟ್ ಪಡೆಯುವ ಕ್ರಮವನ್ನು ತಂದಿತು, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿಯನ್ನೂ ಹಾಕಿತು. ಕಾಡಿನೊಳಗೆ ಇರುಳು ಕಳೆಯಬಯಸುವವರಿಗೆ ಭಗವತಿ, ಸೀತಾನದಿಗಳಂಥ ಪ್ರಕೃತಿ ಶಿಬಿರಗಳಿವೆ. ಅಲ್ಲಿ ಡೇರೆಗೆ, ಅಡುಗೆಗೆ, ಶೌಚಕ್ಕೆ ಗೊತ್ತಾದ ಜಾಗಗಳಿರುವುದರಿಂದ ಮನುಷ್ಯನ ವಾಸದ ಭಾರ ಕಾಡಿನ ತುಂಬ ಹರಡದೆ ಒಂದೆಡೆ ನಿಲ್ಲುತ್ತದೆ.

ಈ ನಿರ್ಬಂಧಗಳನ್ನು ಕಂಡು ಹಳೆಯ ಚಾರಣಿಗರಲ್ಲಿ ಕೆಲವರು ತಮ್ಮ ಕಾಲದ ಸ್ವಾತಂತ್ರ್ಯ ಹೋಯಿತೆಂದು ಮರುಗುವುದುಂಟು. ಲೇಖಕನಿಗೆ ಆ ಮರುಕ ಒಪ್ಪಿಗೆಯಾಗಿಲ್ಲ. ಒಂದು ತಂಡ ಹಾಯ್ದ ಹುಲ್ಲು ಮತ್ತೆ ಏಳುತ್ತದೆ, ದಿನವೂ ನೂರಾರು ಜನ ತುಳಿದ ಹುಲ್ಲು ಏಳುವುದಿಲ್ಲ. ಬೇರು ಸತ್ತು ಮಣ್ಣು ಗಟ್ಟಿಯಾಗಿ, ಮುಂದಿನ ಮುಂಗಾರಿನಲ್ಲಿ ಅದೇ ಕಾಲುದಾರಿ ನೀರಿನ ಕೊರಕಲಾಗುತ್ತದೆ, ಕೆಸರನ್ನು ತಪ್ಪಿಸಲು ಪಕ್ಕದಲ್ಲಿ ನಡೆದವರು ಹೊಸ ದಾರಿಯೊಂದನ್ನು ಹುಟ್ಟಿಸುತ್ತಾರೆ. ಆದುದರಿಂದ ತನ್ನೊಬ್ಬನಿಂದ ಏನಾದೀತು ಎಂಬ ಪ್ರಶ್ನೆಯನ್ನು ಬಿಟ್ಟು, ತನ್ನಂತೆಯೇ ಈ ವರ್ಷ ಬರುವವರೆಲ್ಲರೂ ಹೀಗೆಯೇ ಮಾಡಿದರೆ ಏನಾದೀತು ಎಂದು ಪ್ರತಿಯೊಬ್ಬನೂ ಕೇಳಿಕೊಳ್ಳಬೇಕಾಗಿದೆ. ಈ ಪ್ರಶ್ನೆಗೆ ಉತ್ತರ ಹುಡುಕುವವನು ಕೆಸರಿದ್ದರೂ ದಾರಿಯ ನಡುವೆಯೇ ನಡೆಯುತ್ತಾನೆ, ಹೂವನ್ನು ಕೀಳದೆ ನೋಡಿ ಮುಂದೆ ಹೋಗುತ್ತಾನೆ, ಟಿಕೆಟ್ ಸಿಗದ ವಾರ ಕಳ್ಳದಾರಿ ಹುಡುಕದೆ ಮನೆಯಲ್ಲಿರುತ್ತಾನೆ.

ಇಂಥ ಸಂಯಮ ಕನ್ನಡ ನಾಡಿಗೆ ಹೊಸದೇನಲ್ಲ. ಕೊಡಗಿನ ದೇವರಕಾಡುಗಳಲ್ಲಿಯೂ ತುಳುನಾಡಿನ ನಾಗಬನಗಳಲ್ಲಿಯೂ ಕಡ್ಡಿ ಮುರಿಯಬಾರದು, ಮರ ಕಡಿಯಬಾರದು, ಮೈಲಿಗೆ ಮಾಡಬಾರದು ಎಂಬ ಕಟ್ಟುಪಾಡುಗಳು ತಲೆಮಾರುಗಳಿಂದ ನಡೆದುಬಂದಿದ್ದು, ಸುತ್ತಲಿನ ಕಾಡು ತೋಟವಾದ ಕಡೆಗಳಲ್ಲಿ ಕೂಡ ಅವು ಹಳೆಯ ಮರಗಳನ್ನು ಉಳಿಸಿಕೊಟ್ಟಿವೆ. ಬಿ.ಜಿ.ಎಲ್. ಸ್ವಾಮಿಯವರು ತಮ್ಮ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಕೃತಿಯಲ್ಲಿ ಬರೆದು, ಗಿಡವೊಂದನ್ನು ಹೆಸರಿಟ್ಟು ಗುರುತಿಸುವುದು ಎಂಥ ಸಂತೋಷವೆಂದು ಕನ್ನಡಿಗರಿಗೆ ತೋರಿಸಿಕೊಟ್ಟರು. ಆ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಭಕ್ತಿಯಿಂದ ಹುಟ್ಟಿದ ಸಂಯಮವೂ ಅರಿವಿನಿಂದ ಹುಟ್ಟಿದ ಪ್ರೀತಿಯೂ ಹೀಗೆ ನಮ್ಮಲ್ಲಿಯೇ ಇರುವಾಗ, ಶಿಖರದಲ್ಲಿ ಒಂದು ಫೋಟೊ ತೆಗೆದುಕೊಂಡು ಇಳಿಯುವುದನ್ನೇ ಚಾರಣವೆಂದು ಎಳೆಯರಿಗೆ ಕಲಿಸುವುದು ಅವರಿಗೆ ಮಾಡುವ ಅನ್ಯಾಯ.

ಕಾಡಿಗೆ ಹೊರಡುವವರಲ್ಲಿ ಲೇಖಕನ ಕೋರಿಕೆ ಇಷ್ಟೇ. ಅನುಮತಿ ಪಡೆದು, ಮುಚ್ಚಿದ ದಿನಗಳನ್ನು ಗೌರವಿಸಿ, ಚಿಕ್ಕ ತಂಡವಾಗಿ, ಸ್ಥಳೀಯ ಮಾರ್ಗದರ್ಶಕರೊಬ್ಬರ ಜೊತೆಯಲ್ಲಿ ಹೋಗಬೇಕು. ಅವರಿಗೆ ಸಲ್ಲಬೇಕಾದ ಸಂಭಾವನೆಯಲ್ಲಿ ಚೌಕಾಸಿ ಮಾಡಬಾರದು, ಏಕೆಂದರೆ ಕಾಡಿನಿಂದ ಒಂದಿಷ್ಟು ಆದಾಯ ಕಾಡಂಚಿನವರಿಗೆ ಬಂದರೆ ಮಾತ್ರ ಅದನ್ನು ಕಾಯುವ ಕೈಗಳು ಹೆಚ್ಚುತ್ತವೆ. ಇಳಿಯುವಾಗ ತಮ್ಮ ಕಸದ ಜೊತೆಗೆ ಹಾದಿಯಲ್ಲಿ ಕಂಡ ಇನ್ನೊಬ್ಬರ ಕಸವನ್ನೂ ಚೀಲಕ್ಕೆ ಹಾಕಿಕೊಳ್ಳಬೇಕು. ಜೊತೆಗೆ ಮಕ್ಕಳಿದ್ದರೆ ಇದನ್ನೆಲ್ಲ ಅವರ ಕಣ್ಣೆದುರಿಗೇ ಮಾಡಬೇಕು. ಮುಂದಿನ ತಲೆಮಾರಿಗೆ ಕಾಡಿನಲ್ಲಿ ನಡೆಯುವ ರೀತಿಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ವಿಧಾನ ಬೇರೊಂದಿಲ್ಲ.